ಸಾಲಿನ ಮೊದಲ ಸೈಪ್ರೆಸ್

ಸೈಪ್ರೆಸ್ ಮರ ತಿನ್ನುವ ಹಣ್ಣು ಬಿಡುವುದಿಲ್ಲ, ಮುಡಿಯುವ ಹೂ ಕೊಡುವುದಿಲ್ಲ, ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಆಗುವುದಿಲ್ಲ. ಇದನ್ನು ನನಗೆ ಮೂವತ್ತು ವರ್ಷಗಳಿಂದ ಊರಿನ ಪ್ರತಿಯೊಬ್ಬರೂ ಹೇಳಿದ್ದಾರೆ, ನನಗೆ ಕಣ್ಣಿಲ್ಲ ಎನ್ನುವ ಹಾಗೆ. ನಮ್ಮ ಅತ್ತೆಯಂತೂ ಅದಕ್ಕೆ ಬೇರೆಯೇ ಹೆಸರಿಟ್ಟಿದ್ದರು: ಗೋರಿ ಮರ. ಹಳೆಯ ಎಸ್ಟೇಟುಗಳಲ್ಲಿ ಬಿಳಿ ದೊರೆಗಳ ಸಮಾಧಿಯ ಪಕ್ಕ ನಿಲ್ಲುವ ಮರವನ್ನು ಬಾಳುವ ಮನೆಯ ಮುಂದೆ ಯಾರಾದರೂ ನೆಡುತ್ತಾರೆಯೇ ಎಂಬುದು ಅವರ ವಾದ. ನೆಡುತ್ತಾರೆ. ನಾನು ನೆಟ್ಟೆ. ಒಂದಲ್ಲ, ಇಪ್ಪತ್ತೆರಡು.

ನನ್ನ ಅಪ್ಪ ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನ ಬಂಗಲೆಯಲ್ಲಿ ಹೂದೋಟ ನೋಡಿಕೊಳ್ಳುತ್ತಿದ್ದರು. ಬಂಗಲೆಯ ಅಂಗಳದಲ್ಲಿ ಒಂದು ಸೈಪ್ರೆಸ್ ಇತ್ತು. ಅದರ ರೆಂಬೆಯ ಕಡ್ಡಿ ಚುಚ್ಚಿ ಬೇರು ಬರಿಸುವುದು ಎಲ್ಲರ ಕೈಗೂ ಒಲಿಯುವ ಕೆಲಸವಲ್ಲ, ಅಪ್ಪನ ಕೈಗೆ ಒಲಿದಿತ್ತು. ನನ್ನ ಮದುವೆಯಾದ ಮಳೆಗಾಲದಲ್ಲಿ ಅವರು ಖಾಲಿ ಹಾಲಿನ ಕವರುಗಳಲ್ಲಿ ಬೆಳೆಸಿದ ಇಪ್ಪತ್ತೆರಡು ಗಿಡಗಳನ್ನು ಜೀಪಿನ ಹಿಂದೆ ಜೋಡಿಸಿಕೊಂಡು ನನ್ನ ಗಂಡನ ಮನೆಗೆ ಬಂದರು. ಗೇಟಿನ ಪಕ್ಕದ ಮೊದಲ ಗಿಡವನ್ನು ತಾವೇ ನೆಟ್ಟು, ಕೈಯ ಮಣ್ಣು ಕೊಡವಿ, "ಉಳಿದದ್ದು ನೀನೇ ನೆಡು. ನೆಟ್ಟವರು ಅದರ ಕಷ್ಟಕ್ಕೂ ನಿಲ್ಲಬೇಕು, ಗೊತ್ತಾಯ್ತಲ್ಲ?" ಎಂದರು. ಬೇರೆಯವರು ಮಗಳಿಗೆ ಬಳೆ ತರುತ್ತಾರೆ, ಇವರು ಗಿಡ ತಂದರು ಎಂದು ಅತ್ತೆ ಒಳಗಿನಿಂದಲೇ ಗೊಣಗಿದ್ದು ಜಗಲಿಗೆ ಕೇಳಿತು. ಅಪ್ಪನಿಗೂ ಕೇಳಿತು. ಅವರು ನಕ್ಕು ಕಾಫಿ ಕುಡಿದು ಹೋದರು.

ಆ ಸಾಲು ಬೆಳೆದು ನಿಂತ ಮೇಲೆ ಅದು ಮಾಡಿದ ಕೆಲಸವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಾಫಿ ಒಣಗಿಸುವ ಕಣ ರಸ್ತೆಗೆ ಅಂಟಿಕೊಂಡೇ ಇದೆ. ಬೇಸಿಗೆಯಲ್ಲಿ ಒಂದು ಲಾರಿ ಹೋದರೆ ಎದ್ದ ಧೂಳು ಎದುರು ಮನೆಯ ಕಣದ ಮೇಲೆ ಕೂರುತ್ತಿತ್ತು, ನಮ್ಮ ಕಣಕ್ಕೆ ಬರುತ್ತಿರಲಿಲ್ಲ. ಮಳೆಗಾಲದ ಗಾಳಿಗೆ ಹೆಂಚು ಹಾರುವುದೂ ನಿಂತಿತ್ತು. ಆದರೆ ನಿಜ ಹೇಳುತ್ತೇನೆ, ಧೂಳಿಗಾಗಿ ಗಾಳಿಗಾಗಿ ನಾನು ಅದನ್ನು ಇಟ್ಟುಕೊಂಡದ್ದಲ್ಲ. ಈ ಮನೆಯ ತೋಟ ಮಾವನದ್ದು, ಹಟ್ಟಿ ಅತ್ತೆಯದ್ದು, ಮೆಣಸು ಗಂಡನದ್ದು. ಆ ಸಾಲೊಂದು ನನ್ನದು. ಸಿಟ್ಟು ಬಂದಾಗ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ, ಮತ್ತು ನನಗೆ ಸಿಟ್ಟು ಬರುವುದು ಕಡಿಮೆಯೇನಲ್ಲ.

ಮೂರು ವರ್ಷದ ಹಿಂದಿನ ಏಪ್ರಿಲಿನಲ್ಲಿ ಆ ಮೊದಲ ಮರದ ಒಂದು ರೆಂಬೆ ಒಣಗಿತು. ಒಂದೇ ಒಂದು. ಮಿಕ್ಕ ಮರವೆಲ್ಲ ಹಸಿರು, ನಡುವೆ ಇದೊಂದು ಕೆಂಜಳಿಲಿನ ಬಾಲದ ಹಾಗೆ ಕೆಂಪಗೆ ಚಾಚಿಕೊಂಡಿತ್ತು. ನಾನು ಗಂಡನನ್ನು ಕರೆದು ತೋರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿ ನೋಡಿ, "ಬೋರರ್" ಎಂದರು.

ಕಾಫಿಯವರ ಬುದ್ಧಿಯೇ ಅಷ್ಟು. ನಮಗೆ ಏನು ಒಣಗಿದರೂ ಬೋರರ್. ಅರೇಬಿಕಾ ಗಿಡದ ಕಾಂಡ ಕೊರೆಯುವ ಆ ಹುಳಕ್ಕೆ ನಾವು ಮಾಡುವ ಉಪಾಯ ಒಂದಿದೆ: ಕಾಂಡದ ಒರಟು ತೊಗಟೆಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿ ಉಜ್ಜಿ ನಯ ಮಾಡಿಬಿಡುತ್ತೇವೆ. ಹುಳ ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಬಿರುಕೇ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಿ ಇಟ್ಟೀತು? ಮದುವೆಯಾಗಿ ಬಂದ ಮೇಲೆ ಈ ಉಜ್ಜುವ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೆಲಸಕ್ಕೆ ಬರುವ ಹೆಂಗಸರು ಮೂರು ಗಿಡ ಉಜ್ಜುವ ಹೊತ್ತಿಗೆ ನಾನು ಐದು ಮುಗಿಸುತ್ತೇನೆ.

ಹಾಗಾಗಿ ನಾನು ಸೈಪ್ರೆಸ್ಸನ್ನೂ ಉಜ್ಜಿದೆ.

ಮೇ ತಿಂಗಳ ಎರಡು ದಿನ. ಒಂದು ತೆಂಗಿನ ಸಿಪ್ಪೆ, ಒಂದು ಏಣಿ, ನಾನು. ಒಣಗಿದ ರೆಂಬೆ ಇದ್ದ ಮೊದಲ ಮರದಿಂದ ಶುರು ಮಾಡಿ ಸಾಲಿನ ಕೊನೆಯ ಮರದವರೆಗೆ, ಬುಡದಿಂದ ಏಣಿಯ ಮೇಲೆ ನನ್ನ ಕೈ ಎಟುಕುವಷ್ಟು ಎತ್ತರಕ್ಕೆ. ಸೈಪ್ರೆಸ್ಸಿನ ತೊಗಟೆ ನಾರುನಾರಾಗಿ ಸುಲಿದು ಬಂತು, ಕೈಗೆಲ್ಲ ಅಂಟು, ಊರಿಗೆಲ್ಲ ಅದರ ಪರಿಮಳ. ಮುಗಿದ ಮೇಲೆ ಇಪ್ಪತ್ತೆರಡು ಮರಗಳೂ ಎಣ್ಣೆ ಸ್ನಾನ ಮಾಡಿ ನಿಂತ ಮಕ್ಕಳ ಹಾಗೆ ಕಂಡವು. ಸೊಂಟ ಹಿಡಿದುಕೊಂಡಿತ್ತು. ಆದರೂ ಜಂಬದಿಂದ ಗಂಡನಿಗೆ, "ಬರ್ಲಿ ನೋಡುವ ನಿಮ್ಮ ಬೋರರ್" ಎಂದೆ. ಎರಡು ವಾರಕ್ಕೆ ಮಳೆ ಹಿಡಿಯಿತು.

ಆ ವರ್ಷ ಮಳೆ ಬಿಡುವಾಗ ಅಕ್ಟೋಬರ್ ಕಳೆದಿತ್ತು. ಬಿಸಿಲು ಬಿದ್ದ ದಿನ ಸಾಲಿನ ಕಡೆ ನೋಡಿದೆ. ನಾಲ್ಕನೆಯ ಮರದಲ್ಲಿ ಕೆಂಪು. ಏಳು, ಎಂಟರಲ್ಲಿ ಕೆಂಪು. ಹನ್ನೆರಡು, ಹದಿನೈದು, ಹತ್ತೊಂಬತ್ತು. ಮೊದಲನೆಯದರ ಬಲಗಡೆ ಅರ್ಧ ಭಾಗವೇ ಒಣಗಿತ್ತು. ಕಾಂಡಗಳಲ್ಲಿ ಅಲ್ಲಲ್ಲಿ ತೊಗಟೆ ಒಳಕ್ಕೆ ಕುಸಿದು, ಆ ಗಾಯದಿಂದ ಅಂಟು ಇಳಿದು ಬುಡದವರೆಗೆ ಗೆರೆ ಹಾಕಿತ್ತು. ಅತ್ತೆ ಕೋಲೂರಿಕೊಂಡು ಬಂದು ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಮರ ಅಳ್ತಾ ಉಟ್ಟಲ್ಲಾ" ಎಂದರು, ನಮ್ಮ ಮನೆಯ ಅರೆಭಾಷೆಯಲ್ಲಿ, ಮರ ಅಳುತ್ತಿದೆಯಲ್ಲ ಎಂದು. ಬೇರೆ ದಿನವಾಗಿದ್ದರೆ ಆ ಮಾತಿಗೆ ಕೊಂಕು ಉತ್ತರ ಕೊಡುತ್ತಿದ್ದೆ. ಅವತ್ತು ಸೆರಗಿನ ತುದಿಯಿಂದ ಆ ಅಂಟು ಒರೆಸಿದೆ.

ಗಂಡ ಆಗಲೇ ಲೆಕ್ಕಾಚಾರಕ್ಕೆ ಇಳಿದಿದ್ದರು. "ಎಲ್ಲವನ್ನೂ ತೆಗೆದುಬಿಡುವ. ಸಿಲ್ವರ್ ಓಕ್ ಹಾಕಿದ್ರೆ ನಾಲ್ಕು ವರ್ಷದಲ್ಲಿ ಮೆಣಸು ಹಬ್ಬಿಸ್ಬಹುದು" ಎಂದರು.

"ನಿಮ್ಮ ತಲೆ ಹಬ್ಬಿಸಿ" ಎಂದೆ ನಾನು. "ನಿಮಗೆ ಜ್ವರ ಬಂದ್ರೆ ನಿಮ್ಮನ್ನು ತೆಗೆದು ಬೇರೆಯವರನ್ನು ಹಾಕಿಕೊಳ್ತೇನಾ ನಾನು?"

"ಹಾಕಿಕೊಳ್ಳುವವಳೇ ನೀನು" ಎಂದು ಅವರು ನಕ್ಕರು. ನಾನು ನಗಲಿಲ್ಲ.

ಆ ವಾರ ಅಮ್ಮತ್ತಿಯಲ್ಲಿ ಮೆಣಸಿನ ಸೊರಗು ರೋಗದ ಬಗ್ಗೆ ಬೆಳೆಗಾರರಿಗೆ ಒಂದು ಸಭೆ ಇತ್ತು. ಗಿಡಗಳ ರೋಗ ಓದಿದ ಒಬ್ಬ ಹುಡುಗಿ ಬಂದು ಮಾತಾಡುತ್ತಾಳೆ ಎಂದು ತಿಳಿಯಿತು. ನಾನು ಒಣಗಿದ ರೆಂಬೆಯನ್ನು ಪೇಪರಿನಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಪ್ರಶ್ನೆ ಕೇಳಿ ಎಂದದ್ದೇ ತಡ, ಎದ್ದು ನಿಂತು ರೆಂಬೆ ಬಿಚ್ಚಿದೆ. "ಇದು ಮೆಣಸಿನ ಸಭೆ" ಎಂದು ಹಿಂದಿನಿಂದ ಯಾರೋ ಗಂಡಸರು ಕೂಗಿದರು. "ಮೆಣಸು ಓಡಿಹೋಗುದಿಲ್ಲ, ಕೂತ್ಕೊಳ್ಳಿ" ಎಂದೆ. ಆ ಹುಡುಗಿ ನಗು ತಡೆದುಕೊಂಡು ರೆಂಬೆಯನ್ನು ಇಸಿದುಕೊಂಡಳು, ತಿರುಗಿಸಿ ನೋಡಿದಳು, ನಗು ನಿಂತಿತು. ಎರಡು ದಿನ ಬಿಟ್ಟು ಮನೆಗೇ ಬಂದಳು.

ಅವಳು ನೋಡುವ ರೀತಿ ನನಗೆ ಹಿಡಿಸಿತು. ಮಾತಿಲ್ಲ. ಗಾಯದ ಜಾಗದಲ್ಲಿ ಚೂರಿಯ ತುದಿಯಿಂದ ತೊಗಟೆ ಎಬ್ಬಿಸಿದಳು. ಒಳಗೆ ಬೆಳ್ಳಗಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಸತ್ತ ತೊಗಟೆಯ ಮೇಲಿನ ಕಪ್ಪು ಚುಕ್ಕೆಗಳನ್ನು ತೋರಿಸಿದಳು. ಸಾಸಿವೆಗಿಂತ ಎಷ್ಟೋ ಸಣ್ಣವು. ಇದು ಹುಳವಲ್ಲ, ಶಿಲೀಂಧ್ರ, ಒಂದು ಬಗೆಯ ಬೂಷ್ಟು ಎಂದಳು. ತೊಗಟೆಯಲ್ಲಿ ಗಾಯವಾದ ಕಡೆ ಒಳನುಗ್ಗುತ್ತದೆ, ರೆಂಬೆಯ ಸುತ್ತ ತೊಗಟೆಯನ್ನು ಕೊಲ್ಲುತ್ತದೆ, ಅಲ್ಲಿಂದ ಮೇಲಿನದೆಲ್ಲ ಒಣಗುತ್ತದೆ. ಮಳೆಯ ಹನಿ ಸಿಡಿದರೆ ಸಾಕು, ಪಕ್ಕದ ಮರಕ್ಕೆ ದಾಟುತ್ತದೆ. ಹೀಗೆ ಹೇಳುತ್ತ ಹೇಳುತ್ತ ಅವಳು ಕಾಂಡದ ಮೇಲೆ ಅಂಗೈ ಆಡಿಸಿ ನಿಂತುಬಿಟ್ಟಳು.

"ಆಂಟಿ, ತೊಗಟೆ ಯಾಕೆ ಹೀಗೆ ಗೀರಿದೆ?"

ನಾನು ಹೆಮ್ಮೆಯಿಂದ ಹೇಳಿದೆ. ಎರಡು ದಿನ, ಒಬ್ಬಳೇ, ಇಪ್ಪತ್ತೆರಡು ಮರ.

"ಎಲ್ಲ ಮರಕ್ಕೂ ಒಂದೇ ಸಿಪ್ಪೆಯಾ?"

"ಒಂದೇ."

"ಯಾವ ಮರದಿಂದ ಶುರು ಮಾಡಿದ್ರಿ?"

ನಾನು ಮೊದಲ ಮರದ ಕಡೆ ಬೆರಳು ತೋರಿಸಿದೆ. ತೋರಿಸುವಾಗಲೇ ನನಗೆ ಗೊತ್ತಾಗಿಹೋಯಿತು. ಅವಳು ಪಾಪ, ತಲೆ ಬಗ್ಗಿಸಿ ಚೂರಿ ಒರೆಸತೊಡಗಿದಳು. ರೋಗವನ್ನು ಸಿಪ್ಪೆಗೆ ಹಚ್ಚಿಕೊಂಡು, ಒಂದೊಂದು ಮರದ ಮೈ ಗೀರಿ, ಗಾಯಕ್ಕೆ ಅದನ್ನೇ ತಿಕ್ಕಿದವಳು ನಾನು. ಶತ್ರುವೂ ಅಷ್ಟು ಶ್ರದ್ಧೆಯಿಂದ ಮಾಡುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ, ಎರಡು ಸಲ. ಮಾಡಿದ್ದುಣ್ಣೋ ಮಹಾರಾಯ ಎಂದು ಇನ್ನೊಬ್ಬರಿಗೆ ಎಷ್ಟು ಸಲೀಸಾಗಿ ಹೇಳುತ್ತಿದ್ದೆ!

ಇದಕ್ಕೆ ಮದ್ದಿಲ್ಲ ಎಂದಳು ಹುಡುಗಿ. ರೋಗ ಬಂದ ಏಳು ಮರಗಳಲ್ಲೂ ಅದು ಕಾಂಡಕ್ಕೇ ಇಳಿದಿದೆ, ಏಳನ್ನೂ ಕಡಿದು ಸುಡಬೇಕು. ಮಳೆಯಿಲ್ಲದ ಒಣ ದಿನಗಳಲ್ಲಿ ಮಾತ್ರ ಕಡಿಯಬೇಕು, ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಗರಗಸವನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಉಳಿದ ಹದಿನೈದನ್ನು ಕಾಯಬೇಕು, ಆದರೆ ಅವೆಲ್ಲ ಒಂದೇ ತಾಯಿಯ ಕಡ್ಡಿಗಳು, ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರಬಹುದು. "ಪೂರ್ತಿ ತೆಗೆದ್ರೂ ತಪ್ಪಿಲ್ಲ ಆಂಟಿ" ಎಂದಳು. ಗಂಡ ನನ್ನ ಮುಖ ನೋಡಿದರು.

"ತೆಗೆಯುದಿಲ್ಲ" ಎಂದೆ. "ನಾನು ಮಾಡಿದ ಗಾಯ. ನಾನು ನೋಡಿಕೊಳ್ತೇನೆ."

ಜನವರಿಯಲ್ಲಿ ಮೆಷಿನ್ ಗರಗಸದವನನ್ನು ಕರೆಸಿ ಆರು ಮರ ಕಡಿಸಿದೆ. ಪ್ರತಿ ಮರ ಬಿದ್ದ ಮೇಲೂ ಅವನ ಕೈಯಿಂದ ಗರಗಸ ಕಿತ್ತುಕೊಂಡು ನಾನೇ ಒರೆಸಿ ಕೊಟ್ಟೆ. "ಆಪರೇಷನ್ ಮಾಡ್ತಿದ್ದೀರಾ ಅಮ್ಮಾ?" ಎಂದು ಅವನು ಹಾಸ್ಯ ಮಾಡಿದ. ಹೌದು, ಹಾಗೇ ಅಂದುಕೋ ಎಂದೆ. ಕಡಿದದ್ದನ್ನೆಲ್ಲ ಒಂದೆಲೆ ಬಿಡದೆ ಸುಟ್ಟೆವು. ಏಳನೆಯದಕ್ಕೆ, ಅಂದರೆ ಗೇಟಿನ ಪಕ್ಕದ ಮೊದಲ ಮರಕ್ಕೆ, ಅವನು ಗರಗಸ ಎತ್ತಿದಾಗ ಅಡ್ಡ ನಿಂತೆ.

ಅದು ಅಪ್ಪ ನೆಟ್ಟದ್ದು. ಅಪ್ಪ ಹೋಗಿ ಹತ್ತು ವರ್ಷವಾಗಿತ್ತು. ಅವರ ಕೈಯ ಮಣ್ಣು ಅದರ ಬುಡದಲ್ಲಿದೆ, ಅದನ್ನು ಮುಟ್ಟಿದರೆ ನೋಡಿ ಎಂದೆ. ಒಣಗಿದ ಅರ್ಧವನ್ನು ಮಾತ್ರ ಕತ್ತರಿಸಿ, ಗಾಯ ಕೆರೆದು, ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ಮುಲಾಮನ್ನು ಕಾಂಡಕ್ಕೆ ಮೆತ್ತಿದೆ. ನೀಲಿ ಬಣ್ಣದ ಆ ಅರ್ಧ ಮರ ನೋಡಲು ಬೆದರುಬೊಂಬೆಯ ಹಾಗಿತ್ತು. ಆ ಹುಡುಗಿ ಫೋನಿನಲ್ಲಿ, "ಆಂಟಿ, ಅದೊಂದು ಇದ್ರೆ ಉಳಿದದ್ದಕ್ಕೆ ಅಪಾಯ" ಎಂದಳು. "ನಿಮಗೆ ಪುಸ್ತಕ ಗೊತ್ತು ಮೇಡಂ, ನನಗೆ ಮರ ಗೊತ್ತು" ಎಂದು ಫೋನಿಟ್ಟೆ. ಹೀಗೆ ಹೇಳಿದವಳ ಕೆನ್ನೆಗೆ ಎರಡು ಬಾರಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ನನ್ನ ಹಟವೇ ನನಗೆ ಧೈರ್ಯದ ಹಾಗೆ ಕಂಡಿತು.

ಇನ್ನೊಂದು ಮಳೆಗಾಲ ಬಂತು. ಸೆಪ್ಟೆಂಬರಿನ ಕೈಲ್ ಮುಹೂರ್ತದ ದಿನ, ನಮ್ಮ ಕಡೆ ಆಯುಧಗಳಿಗೆ ಪೂಜೆ ಮಾಡುವ ಹಬ್ಬ, ಕೋವಿಯ ಪಕ್ಕದಲ್ಲಿ ಕತ್ತಿ, ಗರಗಸ, ಗುದ್ದಲಿಗಳನ್ನು ತೊಳೆದು ಸಾಲಾಗಿ ಇಟ್ಟಿದ್ದೆವು. ಕೋವಿಗೆ ಮುಡಿಸುವ ತೋಕ್ ಹೂ ಕೊಯ್ದುಕೊಂಡು ಬರಲು ಬೇಲಿಯ ಬದಿಗೆ ಹೋದವಳು ತಲೆಯೆತ್ತಿದೆ. ಎರಡನೆಯ ಮರದಲ್ಲಿ ಕೆಂಪು. ಮೂರನೆಯದರಲ್ಲೂ ಕೆಂಪು. ಎರಡೂ ಅಪ್ಪನ ಮರದ ಪಕ್ಕದವು. ಸಾಲಿನ ಆ ಕೊನೆಯಲ್ಲಿ ಎಲ್ಲವೂ ಹಸಿರು.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ. ಮರವನ್ನು ಬಯ್ಯುವ ಹಾಗಿಲ್ಲ, ಕೋತಿ ನಾನು. ಕೈಯಲ್ಲಿ ಹೂ ಹಿಡಿದುಕೊಂಡು ಒಳಗೆ ಬಂದೆ. ಅತ್ತೆ ನನ್ನ ಮುಖ ನೋಡಿ ಎಂತ ಆತ್ ಎಂದು ಕೇಳಿದರು. ಹೇಳಿದೆ. ಅವರು ತೇಯ್ದ ಗಂಧವನ್ನು ಬಟ್ಟಲಿಗೆ ಬಳಿದರು.

"ನಿನ್ನಪ್ಪ ಇದ್ದಿದ್ದರೆ ಜನವರಿಯಲ್ಲೇ ಕಡೀತಿದ್ದ" ಎಂದರು. "ಅವ ತೋಟದ ಮನುಷ್ಯ. ನಿನ್ನ ಹಾಗೆ ಅಳುಮುಂಜಿ ಅಲ್ಲ."

ಮೂವತ್ತು ವರ್ಷದಲ್ಲಿ ಅವರು ನನ್ನ ಅಪ್ಪನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು, ಅದರಲ್ಲೂ ನನಗೊಂದು ಬೈಗುಳ. ಆದರೆ ಮಾತು ಸರಿಯಾಗಿತ್ತು. ನೆಟ್ಟವರು ಅದರ ಕಷ್ಟಕ್ಕೂ ನಿಲ್ಲಬೇಕು ಎಂದರಲ್ಲ ಅಪ್ಪ, ನಾನು ಮರದ ಕಷ್ಟಕ್ಕೆ ನಿಂತಿರಲಿಲ್ಲ, ನನ್ನ ಸಂಕಟಕ್ಕೆ ನಿಂತಿದ್ದೆ.

ಮಳೆಯಲ್ಲಿ ಕಡಿಯುವ ಹಾಗಿರಲಿಲ್ಲ. ಒಣ ದಿನಕ್ಕಾಗಿ ನಾಲ್ಕು ತಿಂಗಳು ಕಾದೆ. ಪ್ರತಿ ಜಡಿಮಳೆಗೂ ಆ ಮರದಿಂದ ಹನಿ ಸಿಡಿಯುವುದನ್ನು ಜಗಲಿಯಲ್ಲಿ ಕೂತು ನೋಡುತ್ತ ಹಲ್ಲು ಕಚ್ಚಿಕೊಂಡೆ. ಜನವರಿಯಲ್ಲಿ ಗಂಡ ಮೆಷಿನ್ ಗರಗಸದವನನ್ನು ಕರೆಸುತ್ತೇನೆ ಎಂದರು. ಎರಡನೆಯದಕ್ಕೂ ಮೂರನೆಯದಕ್ಕೂ ಕರೆಸಿ, ಮೊದಲನೆಯದನ್ನು ನಾನೇ ಕಡಿಯುತ್ತೇನೆ ಎಂದೆ.

"ನಿನ್ನ ಸೊಂಟ?"

"ಉಜ್ಜುವಾಗ ಇರ್ಲಿಲ್ವಾ ಸೊಂಟ?"

ಅಟ್ಟದಲ್ಲಿ ಎರಡಾಳಿನ ಹಳೆಯ ಗರಗಸವಿತ್ತು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು ಹಿಡಿಯಲೇಬೇಕಾಯಿತು. ಅತ್ತೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಮಡಿಲಲ್ಲಿ ಸ್ಪಿರಿಟ್ ಬಾಟಲಿ, ಹಳೆಯ ಪಂಚೆಯ ತುಂಡು ಇಟ್ಟುಕೊಂಡು ಕೂತರು. ಯಾರೂ ಹೇಳಿರಲಿಲ್ಲ. ಗರಗಸ ಅರ್ಧ ಕಾಂಡ ದಾಟಿದಾಗ ಸೈಪ್ರೆಸ್ಸಿನ ಪರಿಮಳ ಎದ್ದಿತು, ಅಪ್ಪನ ಅಂಗಿಯ ವಾಸನೆ. ನನಗೆ ಅಳು ಬಂತು, ಆದರೆ ಎಳೆಯುವುದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದು ಗಂಡ. ಎಲ್ಲವನ್ನೂ ತೆಗೆದುಬಿಡುವ ಎಂದಿದ್ದ ಅದೇ ಮನುಷ್ಯ ಗರಗಸ ಬಿಟ್ಟು ನೆಟ್ಟಗೆ ನಿಂತು, "ಬೇಡ ಮಾರಾಯ್ತಿ. ಇದೊಂದನ್ನು ಬಿಡುವ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಎಳೀರಿ" ಎಂದೆ.

ಎಳೆದರು. ಮರ ಗೇಟಿನ ಒಳಗೆ ತೋಟದ ಕಡೆಗೆ ಬಿತ್ತು, ಅಪ್ಪ ಕಲಿಸಿಕೊಟ್ಟಂತೆ ಕಚ್ಚು ಹಾಕಿದ ದಿಕ್ಕಿಗೇ. ಅತ್ತೆ ಗರಗಸ ಇಸಿದುಕೊಂಡು ಹಲ್ಲು ಹಲ್ಲಾಗಿ ಒರೆಸಿದರು. ಮಧ್ಯಾಹ್ನ ಕಾಂಡವನ್ನು ತುಂಡು ಮಾಡುವಾಗ ಒಂದು ಸಂಗತಿ ಕಂಡಿತು. ಬುಡದ ತುಂಡುಗಳಲ್ಲಿ ತೊಗಟೆಯ ಕೆಳಗೆ ಕಂದು ಕಲೆ, ಒಂದರ ಪಕ್ಕ ಒಂದು. ಮೇಲೆ ಹೋಗುತ್ತ ಒಂದು ಎತ್ತರದಲ್ಲಿ ಕಲೆ ಥಟ್ಟನೆ ನಿಂತಿತ್ತು. ಅಲ್ಲಿಂದ ಮೇಲಿನ ಕಾಂಡ ಹಾಲಿನಂತೆ ಬಿಳಿ. ಎಷ್ಟು ಎತ್ತರ ಎಂದು ಅಳೆಯಬೇಕಾಗಿರಲಿಲ್ಲ. ಏಣಿಯ ಮೇಲೆ ನಿಂತ ನನ್ನ ಕೈ ಎಟುಕುವಷ್ಟು.

ಮೊದಲ ದಿನ ಆ ಒಂದು ಒಣ ರೆಂಬೆಯನ್ನು ಕತ್ತರಿಸಿ ಸುಮ್ಮನಿದ್ದಿದ್ದರೆ ಬಹುಶಃ ಅಪ್ಪನ ಮರ ಇವತ್ತೂ ಇರುತ್ತಿತ್ತು. ಇದನ್ನು ನಾನು ಮುಚ್ಚಿಡಲಿಲ್ಲ. ಆ ರಸ್ತೆಯಲ್ಲಿ ಸೈಪ್ರೆಸ್ ಬೇಲಿ ಇರುವ ನಾಲ್ಕು ಮನೆಗಳಿಗೂ ಹೋಗಿ, ಕಾಫಿಗೆ ಹಾಕುವ ಬುದ್ಧಿಯನ್ನು ಇದಕ್ಕೆ ಹಾಕಬೇಡಿ, ನಾನು ಹಾಕಿ ಒಂಬತ್ತು ಮರ ಕೊಂದೆ ಎಂದು ಹೇಳಿಬಂದೆ. ಒಬ್ಬರು ಹಿಂದಿನಿಂದ ನಕ್ಕದ್ದೂ ಕೇಳಿತು. ನಗಲಿ. ಅವರ ಮರ ಉಳಿದರೆ ನನ್ನ ಮಾನಕ್ಕೇನೂ ಕಡಿಮೆಯಿಲ್ಲ.

ಗಂಡ ಈಗ ಸಿಲ್ವರ್ ಮರದ ಮಾತೆತ್ತುವುದಿಲ್ಲ. ಗೇಟಿನ ಪಕ್ಕ ನಾಲ್ಕು ಮರಗಳ ಜಾಗ ಖಾಲಿಯಾಗಿ, ಲಾರಿಯ ಧೂಳು ನೇರ ಕಣಕ್ಕೆ ಬರುತ್ತದೆ. ಅತ್ತೆ ಮೂಗಿಗೆ ಸೆರಗು ಹಿಡಿದು, ಗೋರಿ ಮರ ಇರುವಾಗ ಧೂಳು ಇರ್ಲಿಲ್ಲೆ ಎಂದು ಲಾರಿಯವರಿಗೆ ಶಾಪ ಹಾಕುತ್ತಾರೆ. ಉಳಿದದ್ದು ಹದಿಮೂರು. ಮೊದಲು ಐದನೆಯದಾಗಿದ್ದ ಮರ ಈಗ ಸಾಲಿನ ಮೊದಲನೆಯದು. ಕಳೆದ ಮಳೆಯ ನಂತರ ಅದರಲ್ಲಿ ಬೆರಳುದ್ದದ ಒಂದು ಕೆಂಪು ಕಾಣಿಸಿತು. ನಾನು ಅಳಲಿಲ್ಲ, ಸಿಪ್ಪೆ ಹುಡುಕಲೂ ಇಲ್ಲ. ಒಣ ದಿನಕ್ಕೆ ಕಾದು, ಏಣಿ ಹಾಕಿ, ಕಲೆಯಿಂದ ಒಂದು ಮೊಳ ಕೆಳಗೆ ಆ ರೆಂಬೆಯನ್ನು ಕತ್ತರಿಸಿ, ಕತ್ತಿ ಒರೆಸಿ, ರೆಂಬೆ ಸುಟ್ಟೆ.

ಮೊನ್ನೆ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ಮನೆಯಾಕೆ ಆ ಖಾಲಿ ಜಾಗದಲ್ಲಿ ನಿಂತು, ಏಣಿಯ ಮೇಲಿದ್ದ ನನ್ನನ್ನು ನೋಡಿ ಕೇಳಿದಳು: "ಅಕ್ಕ, ಇಷ್ಟೆಲ್ಲ ಮಾಡಿ ಇವಾದ್ರೂ ಉಳೀತಾವಾ?"

"ಗೊತ್ತಿಲ್ಲ ಮಾರಾಯ್ತಿ" ಎಂದೆ. "ಇವತ್ತು ಅವೂ ನಿಂತಿದ್ದಾವೆ, ನಾನೂ ನಿಂತಿದ್ದೇನೆ. ನಾಳೆದು ಕೇಳುವುದಿದ್ರೆ ನಾಳೆ ಬಾ."